ನಾಲ್ಕು ಸ್ಪೀಕರು, ಒಂದು ‘ಹೂಂ’

ಟೀಚರು: ನೀವೇ ಹೂಂ ಅಂದ್ರಿ. ಈ ಕಿವಿಯಾರೆ ಕೇಳಿದೀನಿ.

ಡಾಕ್ಟರು: ಹೂಂ ಅಂದಿರಬಹುದು ಕಣೇ, ಇಲ್ಲ ಅಂತಿಲ್ಲ. ಆದ್ರೆ ಅದು ನಿನಗೆ ಅಂದಿದ್ದಲ್ಲ.

ಟೀಚರು: ಮತ್ತಿನ್ಯಾರಿಗೆ? ಮನೇಲಿ ಇರೋದು ನಾವಿಬ್ಬರೇ.

ಡಾಕ್ಟರು: ಗೋಪುರಕ್ಕೆ.

ಟೀಚರು: ಯಾವ ಗೋಪುರ?

ಡಾಕ್ಟರು: ವಿಮಾನ ನಿಲ್ದಾಣದ ಗೋಪುರ. ಎಷ್ಟು ಎತ್ತರದಲ್ಲಿ ಹಾರಬೇಕು, ಎಲ್ಲಿ ತಿರುಗಬೇಕು ಅಂತ ಅಲ್ಲಿಂದ ಹೇಳ್ತಾ ಇದ್ರು. ನೀನು ಅದೇ ಹೊತ್ತಿಗೆ ಬಾಗಿಲಲ್ಲಿ ನಿಂತು ಏನೋ ಅಂದೆ. ನಾನು ಅವರಿಗೆ ಅಂದ ಹೂಂನ ನೀನು ಎತ್ಕೊಂಡು ಹೋದೆ.

ಟೀಚರು: ಏನೋ ಅಂದಿದ್ದಲ್ಲ. ‘ಅಮ್ಮ ನಮ್ಮ ಜೊತೇಲೇ ಇರೋಕೆ ಬರ್ತಾಳಂತೆ, ಈ ರೂಮು ಖಾಲಿ ಮಾಡಿ ಅವಳಿಗೆ ಕೊಡೋಣ್ವಾ’ ಅಂದೆ. ನೀವು ಹೂಂ ಅಂದ್ರಿ. ನಾನು ಬಾ ಅಂತ ಫೋನ್ ಮಾಡಿದೆ. ಅವಳು ಸಂಜೆ ಬಸ್ಸಿಗೆ ಬರ್ತಿದಾಳೆ.

ಡಾಕ್ಟರು: ಇವತ್ತು ಸಂಜೆನಾ?

ಟೀಚರು: ಇದನ್ನೂ ಹೇಳಿದ್ದೆ. ಅದಕ್ಕೂ ಹೂಂ ಅಂದಿದ್ರಿ. ಅದೂ ಗೋಪುರಕ್ಕೇನಾ?

‘ಈ ರೂಮು’ ಎಂದರೆ ಮನೆಯ ಹಿಂದಿನ ಕೋಣೆ. ಬೆಳಕು ಬರುವ, ಗಾಳಿಯಾಡುವ, ಬಚ್ಚಲಿಗೆ ಹತ್ತಿರವಿರುವ ಒಳ್ಳೆಯ ಕೋಣೆ. ಈಗ ಅದರ ಕಿಟಕಿಗೆ ಕಪ್ಪು ಪರದೆ ಬಿದ್ದಿದೆ. ನಡುವೆ ಪ್ಲೈವುಡ್ಡಿನ ಒಂದು ಗೂಡು ಎದ್ದು ನಿಂತಿದೆ. ಹಳೆಯ ಬೀರುವಿನ ಬಾಗಿಲೇ ಗೂಡಿನ ಬಾಗಿಲು. ಒಳಗೆ ಮೂರು ಟೀವಿ, ಲೆಕ್ಕವಿಲ್ಲದಷ್ಟು ಗುಂಡಿ, ಮಿಣುಕು ದೀಪ, ಮತ್ತು ಅವೆಲ್ಲದರ ಮಧ್ಯೆ ಡಾಕ್ಟರ ಕ್ಲಿನಿಕ್ಕಿನಿಂದ ನಿವೃತ್ತಿಯಾದ, ಹಲ್ಲು ಕೀಳುವ ಕುರ್ಚಿ. ಒಂದು ಪೆಡಲ್ ಒತ್ತಿದರೆ ಕುರ್ಚಿ ಮೇಲೇಳುತ್ತದೆ, ಇನ್ನೊಂದು ಒತ್ತಿದರೆ ಹಿಂದಕ್ಕೆ ಮಲಗುತ್ತದೆ. ಅದರಲ್ಲಿ ಕೂತು ಡಾಕ್ಟರು ಬಿಡುವಿದ್ದಾಗಲೆಲ್ಲ ಕಂಪ್ಯೂಟರಿನ ವಿಮಾನ ಹಾರಿಸುತ್ತಾರೆ. ಸಮುದ್ರ ದಾಟಿ ಬರುತ್ತಾರೆ. ಬೀದಿಯ ಕೊನೆಯ ಅಂಗಡಿಗೆ ಹೋಗಿ ಬನ್ನಿ ಅಂದರೆ ಮಾತ್ರ ಕಾಲು ನೋವು.

ಡಾಕ್ಟರ ಪರವಾಗಿಯೂ ಒಂದು ಮಾತು ಹೇಳಬೇಕು. ಬಾಯಿ ತೆರೆದುಕೊಂಡವರ ಜೊತೆ ದಿನವೆಲ್ಲ ಮಾತಾಡುವುದು ಅವರ ಕಸುಬು. ರೋಗಿಯ ಬಾಯಲ್ಲಿ ಒಂದು ಕನ್ನಡಿ, ಒಂದು ಕೊಕ್ಕೆ, ಒಂದು ಹಿಡಿ ಹತ್ತಿ ಇಟ್ಟು ‘ಮಗಳು ಈಗ ಏನು ಓದುತ್ತಿದ್ದಾಳೆ?’ ಎಂದು ಕೇಳಿದರೆ ‘ಆಂ’ ಎಂದಲ್ಲದೆ ಬೇರೆ ಉತ್ತರ ಬರುವುದಿಲ್ಲ. ವರ್ಷಾನುಗಟ್ಟಲೆ ಇದೇ ಆದರೆ ಎದುರಿನವರ ಮಾತು ಕೇಳುವ ಅಭ್ಯಾಸ ಯಾರಿಗಾದರೂ ತಪ್ಪಿಹೋಗುತ್ತದೆ. ಟೀಚರದು ಒಂದನೇ ತರಗತಿ. ಅಲ್ಲಿ ಅವರು ‘ಅ’ ಅಂದರೆ ಇಡೀ ತರಗತಿ ಹೆಂಚು ಹಾರುವ ಹಾಗೆ ‘ಅ’ ಅನ್ನುತ್ತದೆ. ಅಂಥವರು ಮನೆಗೆ ಬಂದು ಒಂದು ‘ಹೂಂ’ನಲ್ಲಿ ಸಂಸಾರ ತೂಗಿಸಬೇಕು.

ಡಾಕ್ಟರು: ಅತ್ತೆ ಬರ್ಲಿ, ಬೇಡ ಅಂದೋರ್ಯಾರು? ನಡುಮನೇಲಿ ಮಲಗ್ಲಿ.

ಟೀಚರು: ನಡುಮನೇಲಿ ನಿಮ್ಮ ವಿಮಾನ ಮಲಗ್ಲಿ.

ಡಾಕ್ಟರು: ಅದು ಬಾಗಿಲಲ್ಲಿ ಹಿಡಿಸಲ್ಲ ಕಣೇ. ಒಳಗೇ ನಿಂತು ಕಟ್ಟಿದ್ದು. ಬಿಚ್ಚಿದ್ರೆ ಮತ್ತೆ ಕೂಡಿಸೋಕಾಗಲ್ಲ.

ಟೀಚರು: ನಾನು ಬಿಚ್ಚಿ ಅಂದೆ. ಕೂಡಿಸಿ ಅಂತ ಯಾರಂದ್ರು?

ಡಾಕ್ಟರು: ಇವತ್ತೊಂದು ದಿನ ತಡ್ಕೋ. ಇವತ್ತು ಸದ್ದಿನ ಕೆಲಸ ಇಟ್ಕೊಂಡಿದೀನಿ.

ಟೀಚರು: ಈ ಮನೇಲಿ ಸದ್ದಿಗೇನು ಬರಗಾಲ?

ಡಾಕ್ಟರು: ಬರಗಾಲ ಅಲ್ಲ, ಕಲಬೆರಕೆ. ಎಂಜಿನ್ ಸದ್ದು, ಗೋಪುರದ ಮಾತು, ಅಪಾಯದ ಕೂಗು, ಗಗನಸಖಿ ಹೇಳೋದು, ಎಲ್ಲಾ ಒಂದೇ ಹೆಡ್‌ಫೋನಲ್ಲಿ ನುಗ್ಗತ್ತೆ. ನಿನ್ನೆ ಏನಾಯ್ತು ಗೊತ್ತಾ? ಗೋಪುರದವರು ಬಲಕ್ಕೆ ತಿರುಗು ಅಂದ್ರು. ಎಂಜಿನ್ ಗದ್ದಲದಲ್ಲಿ ಕೇಳಿಸ್ಲೇ ಇಲ್ಲ. ನೇರ ಹೋಗಿ ಗುಡ್ಡಕ್ಕೆ ಹೊಡೆದೆ. ನೂರೆಂಬತ್ತು ಜನ!

ಟೀಚರು: ಅಯ್ಯೋ ಪಾಪ. ಆಮೇಲೆ?

ಡಾಕ್ಟರು: ಆಮೇಲೇನು, ಊಟಕ್ಕೆ ಬಂದೆ.

ಟೀಚರು: ಹೌದು, ಬಂದು ಉಪ್ಪು ಕಡಿಮೆ ಅಂದ್ರಿ.

ಡಾಕ್ಟರು: ಅದಕ್ಕೇ ಒಂದೊಂದಕ್ಕೂ ಬೇರೆ ಬೇರೆ ಚಾನೆಲ್ ಮಾಡ್ಬೇಕು.

ಟೀಚರು: ಇರೋ ಚಾನೆಲ್ಲುಗಳನ್ನೇ ನೋಡೋರಿಲ್ಲ.

ಡಾಕ್ಟರು: ಟೀವಿ ಚಾನೆಲ್ ಅಲ್ವೇ ಮಾರಾಯ್ತಿ! ಸದ್ದು ಬರೋ ದಾರಿ. ಎಂಜಿನ್ ಕುರ್ಚಿ ಕೆಳಗಿಂದ ಬರ್ಬೇಕು, ಬೆನ್ನೆಲ್ಲಾ ಗುಡುಗುಡು ಅನ್ಬೇಕು. ಅಪಾಯದ ಕೂಗು ನೆತ್ತಿ ಮೇಲಿಂದ. ಗಗನಸಖಿ ಬೆನ್ನ ಹಿಂದಿಂದ. ಗೋಪುರ ಮಾತ್ರ ಹೆಡ್‌ಫೋನಲ್ಲಿ, ನೇರ ಕಿವಿಗೆ. ಒಬ್ಬರ ಮಾತು ಇನ್ನೊಬ್ಬರಿಗೆ ಅಡ್ಡ ಬರಬಾರದು.

ಟೀಚರು: ನಾನು?

ಡಾಕ್ಟರು: ನೀನೇನು?

ಟೀಚರು: ನನ್ನ ಸದ್ದು ಯಾವ ದಾರೀಲಿ ಬರ್ಬೇಕು?

ಡಾಕ್ಟರು: ನಿನಗ್ಯಾಕೆ ದಾರಿ? ನೀನು ಎಲ್ಲಿದ್ರೂ ಕೇಳಿಸತ್ತೆ.

ಟೀಚರು: ಕೇಳಿಸತ್ತೆ. ಕೇಳಲ್ಲ.

ಡಾಕ್ಟರು ಇದಕ್ಕೆ ಏನೋ ಹೇಳಬೇಕೆಂದು ಬಾಯಿ ತೆರೆದರು. ಅಷ್ಟರಲ್ಲಿ ಮುಂಬಾಗಿಲಿನ ಗಂಟೆ ಬಾರಿಸಿ ಅವರನ್ನು ಕಾಪಾಡಿತು. ಬಂದವನು ಅವರ ಶಾಲೆಯ ಕಾಲದ ಗೆಳೆಯ. ಸಭೆ ಸಮಾರಂಭಗಳಿಗೆ ಮೈಕು, ಸ್ಪೀಕರು ಬಾಡಿಗೆಗೆ ಕೊಡುತ್ತಾನೆ. ಊರಿಗೆಲ್ಲ ‘ಮೈಕ್‌ಸೆಟ್’ ಎಂದೇ ಪರಿಚಯ. ಬದುಕಿಡೀ ದೊಡ್ಡ ಡಬ್ಬಗಳ ಪಕ್ಕ ನಿಂತವನಾದ್ದರಿಂದ ಗುಟ್ಟು ಹೇಳಿದರೂ ಪಕ್ಕದ ಬೀದಿಗೆ ಗೊತ್ತಾಗುತ್ತದೆ. ಹೆಗಲ ಮೇಲೆ ವೈರಿನ ಸುರುಳಿ, ಎರಡು ಕಂಕುಳಲ್ಲೂ ಸ್ಪೀಕರು, ಕಾಲ ಬಳಿ ಇನ್ನೊಂದು.

ಮೈಕ್‌ಸೆಟ್: ಅತ್ತಿಗೆ, ನಮಸ್ಕಾರ! ಎಷ್ಟು ಜನ ಸೇರ್ತಾರೆ?

ಟೀಚರು: ಒಬ್ಬರು.

ಮೈಕ್‌ಸೆಟ್: ಒಬ್ಬರಿಗೆ ಇಷ್ಟೊಂದು ಸ್ಪೀಕರಾ? ದೊಡ್ಡ ಸಭೆಗೇ ಎರಡು ಸಾಕು!

ಟೀಚರು: ಸಭೇಲಿ ಜನ ಕೇಳೋಕೆ ಅಂತ ಬಂದಿರ್ತಾರೆ. ಎರಡು ಸಾಕಾಗತ್ತೆ.

ಮೈಕ್‌ಸೆಟ್: ಇವನಿಗೆ ಕಿವಿ ಮಂದ ಆಗಿದೆಯಾ?

ಟೀಚರು: ಕಿವಿ ಚೆನ್ನಾಗೇ ಇದೆ. ಜಾಣಕಿವುಡು.

ಮೈಕ್‌ಸೆಟ್: ಅದಕ್ಕೆ ನಮ್ಮ ಅಂಗಡೀಲಿ ಸಾಮಾನಿಲ್ಲ ಅತ್ತಿಗೆ. ಇದ್ದಿದ್ರೆ ನಮ್ಮ ಮನೆಯವಳು ಮೊದಲು ನನಗೇ ಹಾಕ್ತಿದ್ಲು.

ಡಾಕ್ಟರು: ಲೋ, ಬಂದ ಕೆಲಸ ನೋಡೋ.

ಇಬ್ಬರೂ ಗೂಡಿನ ಹಿಂದೆ ತೂರಿಕೊಂಡರು. ಸ್ವಲ್ಪ ಹೊತ್ತು ಹೊರಗೆ ಕಂಡದ್ದು ನಾಲ್ಕು ಅಂಗಾಲು ಮಾತ್ರ.

ಮೈಕ್‌ಸೆಟ್: ಇದೇನೋ, ಕಂಪ್ಯೂಟರಲ್ಲಿ ಎಲ್ಲಕ್ಕೂ ಒಂದೇ ಹೆಸರು? ಸ್ಪೀಕರ್ ಒಂದು, ಸ್ಪೀಕರ್ ಎರಡು, ಸ್ಪೀಕರ್ ಮೂರು... ಇದ್ರಲ್ಲಿ ಎಂಜಿನ್ ಯಾವನು, ಗಗನಸಖಿ ಯಾವಳು?

ಡಾಕ್ಟರು: ವೈರು ಯಾವ ತೂತಿಗೆ ಹಾಕ್ತೀವೋ ಅದರ ಮೇಲೆ ನಂಬರು. ಮೊದಲನೇದು ಎಂಜಿನ್, ಎರಡನೇದು ಅಪಾಯ, ಮೂರನೇದು ಗಗನಸಖಿ, ನಾಲ್ಕನೇದು ಗೋಪುರ. ಒಂದ್ಸಲ ಹಾಕಿದ್ಮೇಲೆ ಮುಟ್ಟಬೇಡ. ಕಿತ್ತು ಬೇರೆ ತೂತಿಗೆ ಹಾಕಿದ್ಯೋ, ಎಲ್ಲಾ ಅದಲುಬದಲು.

ಮೈಕ್‌ಸೆಟ್: ಮುಟ್ಟಲ್ಲ ಬಿಡು.

ಡಾಕ್ಟರು: ಆಣೆ ಮಾಡು.

ಮೈಕ್‌ಸೆಟ್: ಈ ಕಸುಬಿನ ಆಣೆ.

ಡಾಕ್ಟರು ಎದ್ದು ಒಳಗೆ ಹೋಗಿ ಕುರ್ಚಿ ಏರಿದರು, ಪೈಲಟ್ಟಿನ ಟೋಪಿ ಹಾಕಿಕೊಂಡರು, ಬೀರುವಿನ ಬಾಗಿಲು ಎಳೆದುಕೊಂಡರು. ಹೊರಗೆ ಮೈಕ್‌ಸೆಟ್ ತನ್ನ ಕೆಲಸವನ್ನು ತಾನೇ ನೋಡಿದ. ಕೆಂಪು ವೈರು ಹಳದಿ ವೈರಿನ ಮೇಲೆ ಹಾಯ್ದು ಹೋಗಿತ್ತು. ಕಸುಬಿನ ಮೇಲೆ ಅಭಿಮಾನವಿರುವವನಿಗೆ ಇದನ್ನು ನೋಡಿಕೊಂಡು ಸುಮ್ಮನಿರುವುದು ಸಾಧ್ಯವೇ? ಕಿತ್ತ. ಬಣ್ಣದ ಪ್ರಕಾರ ಒಪ್ಪವಾಗಿ ಜೋಡಿಸಿದ. ಕಂಪ್ಯೂಟರು ಎಲ್ಲರ ಹಾಜರಿಯನ್ನು ಹೊಸದಾಗಿ ತೆಗೆದುಕೊಂಡಿತು. ಅಡುಗೆಮನೆಯಲ್ಲಿ ಟೀಚರು ಹಾಡು ಕೇಳಲು ಇಟ್ಟುಕೊಂಡಿದ್ದ ವೈರಿಲ್ಲದ ಪುಟ್ಟ ಸ್ಪೀಕರನ್ನು ಡಾಕ್ಟರು ಹಿಂದೊಮ್ಮೆ ಇದೇ ಕಂಪ್ಯೂಟರಿಗೆ ಜೋಡಿಸಿ ಮರೆತಿದ್ದರು. ಅದೂ ಈಗ ‘ನಾನೂ ಇದ್ದೀನಿ’ ಎಂದು ಸಾಲಿನಲ್ಲಿ ನಿಂತಿತು.

ವಿಮಾನ ಮೇಲೇರಿತು. ಟೀಚರು ಒಲೆಯ ಮೇಲೆ ಹಾಲಿಟ್ಟಿದ್ದರು.

ಡಾಕ್ಟರು: (ಗೂಡಿನೊಳಗಿಂದ) ಲೋ! ಗಗನಸಖಿ ನನ್ನ ಕುರ್ಚಿ ಕೆಳಗೆ ಇದಾಳೆ!

ಟೀಚರು: (ಅಡುಗೆಮನೆಯಿಂದ) ಯಾರು?

ಡಾಕ್ಟರು: ಗಗನಸಖಿ!

ಟೀಚರು: ಎಲ್ಲಿ?

ಡಾಕ್ಟರು: ಕುರ್ಚಿ ಕೆಳಗೆ!

ಟೀಚರು: ಎಷ್ಟು ದಿನದಿಂದ?

ಕುರ್ಚಿಯ ಕೆಳಗಿನಿಂದ ಗಗನಸಖಿ ಗಂಭೀರವಾಗಿ ನುಡಿದಳು: ‘ಮಾನ್ಯ ಪ್ರಯಾಣಿಕರೇ, ತಮ್ಮ ತಮ್ಮ ಆಸನದ ಪಟ್ಟಿಯನ್ನು ಬಿಗಿದುಕೊಳ್ಳತಕ್ಕದ್ದು.’ ಈ ವಿಮಾನದವರೆಲ್ಲ ಮಾತಾಡುವುದು ಕನ್ನಡವೇ. ಆದರೆ ಯಾರೋ ನಿಘಂಟನ್ನು ತಲೆದಿಂಬು ಮಾಡಿಕೊಂಡು ಮಲಗಿ, ಎದ್ದು ಬರೆದ ಕನ್ನಡ. ಆ ಮಾತು ಕೇಳಿದರೆ ಪಟ್ಟಿ ಬಿಗಿದುಕೊಳ್ಳುವ ಬದಲು ಎದ್ದು ನಿಂತು ಕೈಮುಗಿಯಬೇಕು ಅನ್ನಿಸುತ್ತದೆ.

ಡಾಕ್ಟರು: ಎಂಜಿನ್ ಕಿವೀಲಿ ಕೂತಿದೆ ಕಣೋ! ಗೋಪುರ ನೆತ್ತಿ ಮೇಲೆ! ಏನ್ ಮುಟ್ಟಿದೆ?

ಮೈಕ್‌ಸೆಟ್: ಏನೂ ಇಲ್ಲಪ್ಪ, ಸ್ವಲ್ಪ ಒಪ್ಪ ಮಾಡ್ದೆ ಅಷ್ಟೇ!

ಡಾಕ್ಟರು: ಅಪಾಯದ ಕೂಗು ಎಲ್ಲಿ ಹೋಯ್ತು?

ಅದು ಅಡುಗೆಮನೆಗೆ ಹೋಗಿತ್ತು. ಹಾಲು ಪಾತ್ರೆಯ ಕಂಠಕ್ಕೆ ಬರುವುದಕ್ಕೂ, ಟೀಚರು ಬೆನ್ನು ತಿರುಗಿಸಿ ಲೋಟ ತೊಳೆಯುವುದಕ್ಕೂ, ಕಿಟಕಿಯ ಮೇಲಿನ ಪುಟ್ಟ ಸ್ಪೀಕರು ಬೊಬ್ಬೆ ಹೊಡೆಯುವುದಕ್ಕೂ ಸರಿಹೋಯಿತು: ‘ಅಪಾಯ! ಅಪಾಯ! ಕೂಡಲೇ ಮೇಲೆತ್ತಿ! ಮೇಲೆತ್ತಿ!’ ಟೀಚರು ಬೆಚ್ಚಿ ತಿರುಗಿ ಇಕ್ಕಳದಿಂದ ಪಾತ್ರೆ ಎತ್ತಿದರು. ಎತ್ತಿದ ಪಾತ್ರೆಯನ್ನು ಹಿಡಿದುಕೊಂಡೇ ಹಿಂದಿನ ಕೋಣೆಗೆ ಬಂದರು.

ಟೀಚರು: ಹಾಲು ಉಕ್ಕೋದು ನಿಮ್ಮ ವಿಮಾನಕ್ಕೆ ಹೇಗೆ ಗೊತ್ತಾಯ್ತು?

ಡಾಕ್ಟರು: (ಬಾಗಿಲು ತೆರೆದು) ಎಂಥ ಹಾಲು? 'ಮೇಲೆತ್ತಿ' ಅಂತ ಕೂಗೇ ಬರ್ಲಿಲ್ಲ! ಗುಡ್ಡಕ್ಕೆ ಹೊಡೆದೆ!

ಟೀಚರು: ನನಗೆ ಬಂತು. ನಾನು ಎತ್ತಿದೆ.

ಮೈಕ್‌ಸೆಟ್: ಹಾಲಾದ್ರೂ ಉಳೀತಲ್ಲ ಅತ್ತಿಗೆ!

ಡಾಕ್ಟರು: ನೂರೆಂಬತ್ತು ಜನ ಹೋದ್ರು ಕಣೋ!

ಟೀಚರು: ಹಾಗಾದ್ರೆ ಅವರಿಗೆ ಚಹಾ ಬೇಡ. ಮೂರೇ ಲೋಟ ಮಾಡ್ತೀನಿ.

ಮತ್ತೆ ನಾಲ್ಕು ಅಂಗಾಲು, ಮತ್ತೆ ವೈರು. ಈ ಸಲ ಕೆಂಪು ಹಳದಿಯ ಮೇಲೆ ಹಾಯ್ದು ಹೋದರೂ ಮೈಕ್‌ಸೆಟ್ ಕಣ್ಣು ಮುಚ್ಚಿಕೊಂಡ. ಎಂಜಿನ್ ಕುರ್ಚಿಯ ಕೆಳಗೆ ಇಳಿಯಿತು, ಗಗನಸಖಿ ಮರ್ಯಾದೆಯಿಂದ ಬೆನ್ನ ಹಿಂದಕ್ಕೆ ಸರಿದಳು. ಹೆಡ್‌ಫೋನ್ ಪರೀಕ್ಷೆ ಮಾಡಲು ಮೈಕ್‌ಸೆಟ್ ತನ್ನ ಪೆಟ್ಟಿಗೆಯಿಂದ ಒಂದು ವೈರಿಲ್ಲದ ಕೈಮೈಕು ತೆಗೆದು ಗೋಪುರದ ದಾರಿಗೇ ಸೇರಿಸಿದ. ‘ಹಲೋ, ಹಲೋ’ ಎಂದ. ಒಳಗಿಂದ ‘ಕೇಳ್ತು, ಕೇಳ್ತು’ ಎಂದು ಉತ್ತರ ಬಂತು. ಬೀರುವಿನ ಬಾಗಿಲು ಮುಚ್ಚಿತು.

ಟೀಚರು ಚಹಾ ತಂದರು. ಕೊಡಬೇಕೆಂದು ಕೈ ಚಾಚಿದವರು ಹಾಗೆಯೇ ನಿಂತರು. ಗೂಡಿನೊಳಗಿಂದ ಗಂಡನ ಧ್ವನಿ ಕೇಳಿಸುತ್ತಿತ್ತು. ಸ್ಪಷ್ಟವಾಗಿ, ವಿನಯವಾಗಿ, ಅವರು ಎಂದೂ ಕೇಳದ ಒಂದು ಧ್ವನಿಯಲ್ಲಿ.

ಡಾಕ್ಟರು: (ಒಳಗಿಂದ) ಎಡಕ್ಕೆ ತಿರುಗಿ ಮೂರು ಸಾವಿರ ಅಡಿಗೆ ಇಳಿಯತಕ್ಕದ್ದು, ತಿಳಿಯಿತು. ಆಕಾಶ ಏಳು.

ಟೀಚರು: ಆಕಾಶ ಏಳು ಅಂದ್ರೆ ಯಾರು?

ಮೈಕ್‌ಸೆಟ್: ಇವನೇ. ವಿಮಾನದ ಹೆಸರು.

ಟೀಚರು: ಯಾರ ಜೊತೆ ಮಾತು?

ಮೈಕ್‌ಸೆಟ್: ಗೋಪುರದವಳ ಜೊತೆ.

ಟೀಚರು: ಅವಳಾ! ಅದೂ ಹೆಂಗಸೇನಾ?

ಮೈಕ್‌ಸೆಟ್: ಕಂಪ್ಯೂಟರ್ ಹೆಂಗಸು ಅತ್ತಿಗೆ, ಮನಸ್ಸಿಗೆ ಹಚ್ಕೋಬೇಡಿ.

ಟೀಚರು: ಅವಳು ಹೇಳಿದ್ದನ್ನೇ ಇವರು ಯಾಕೆ ಪಾಠ ಒಪ್ಪಿಸ್ತಿದಾರೆ?

ಮೈಕ್‌ಸೆಟ್: ಅದು ಪೈಲಟ್‌ಗಳ ನಿಯಮ ಅಂತೆ. ವೈರು ಹಾಕುವಾಗ ನನ್ನ ತಲೆ ತಿಂದು ಹೇಳಿದಾನೆ. ಗೋಪುರ ಹೇಳಿದ್ದನ್ನ ಬಾಯಿ ಬಿಟ್ಟು ಪೂರ್ತಿ ವಾಪಸ್ ಹೇಳ್ಬೇಕು. ಕೇಳಿಸ್ಕೊಂಡಿದೀನಿ, ಸರಿಯಾಗಿ ಕೇಳಿಸ್ಕೊಂಡಿದೀನಿ ಅನ್ನೋದಕ್ಕೆ.

ಟೀಚರು: ಬರೀ ಹೂಂ ಅಂದ್ರೆ?

ಮೈಕ್‌ಸೆಟ್: ಛೆ ಛೆ! ಗೋಪುರಕ್ಕೆ ಹೂಂ ಅನ್ನೋ ಹಾಗೇ ಇಲ್ಲ. ಅಂದ್ರೆ ಅವಳು ಬಿಡಲ್ಲ, ಹೇಳಿದ್ದನ್ನೇ ಮತ್ತೆ ಹೇಳ್ತಾಳೆ. ಇವನು ಇವತ್ತಿನವರೆಗೆ ಒಂದ್ಸಲಾನೂ ಹೂಂ ಅಂದಿಲ್ವಂತೆ. ಎದೆ ತಟ್ಕೊಂಡು ಹೇಳ್ದ.

ಟೀಚರು ಚಹಾದ ಲೋಟವನ್ನು ಕೆಳಗಿಟ್ಟರು. ಸೀಮೆಸುಣ್ಣ ನಾನು ತಿಂದಿಲ್ಲ ಎನ್ನುವ ಮಗುವಿನ ತುಟಿಯ ಮೇಲೆ ಬಿಳಿ ಪುಡಿ ಕಂಡಾಗ ಅವರ ಮುಖ ಹೇಗಾಗುತ್ತದೋ ಹಾಗಾಯಿತು.

ಟೀಚರು: ಹಾಗಾದ್ರೆ ಆ ಹೂಂ ನಂದೇ.

ಮೈಕ್‌ಸೆಟ್: ಯಾವ ಹೂಂ?

ಟೀಚರು: ಗೋಪುರಕ್ಕೆ ಅಂದಿದ್ದು, ನಿನಗಲ್ಲ ಅಂತ ಬೆಳಗಿಂದ ಸಾಧಿಸ್ತಿದಾರಲ್ಲ, ಅದು. ಗೋಪುರಕ್ಕೆ ಹೂಂ ಅನ್ನೋ ಹಾಗಿಲ್ಲ. ಮನೇಲಿ ಇರೋದು ನಾವಿಬ್ಬರೇ. ಇನ್ಯಾರಿಗೆ ಬಂತು ಆ ಹೂಂ?

ಮೈಕ್‌ಸೆಟ್: ಅತ್ತಿಗೆ, ನಾನು ವೈರು ಸುತ್ಕೊಂಡು ಹೊರಡ್ತೀನಿ.

ಟೀಚರು: ಕೂತ್ಕೊಳ್ಳಿ. ಆ ಮೈಕಲ್ಲಿ ಮಾತಾಡಿದ್ರೆ ಎಲ್ಲಿಗೆ ಹೋಗತ್ತೆ?

ಮೈಕ್‌ಸೆಟ್: ನೇರ ಅವನ ಕಿವಿಗೆ.

ಟೀಚರು: ಗೋಪುರದವಳ ಬಾಯಿ ಮುಚ್ಚಿಸೋ ಗುಂಡಿ ಯಾವುದು?

ಮೈಕ್‌ಸೆಟ್: ಬೇಡ ಅತ್ತಿಗೆ. ಚಡ್ಡಿ ಹಾಕೋ ಕಾಲದಿಂದ ಸ್ನೇಹಿತರು ನಾವು. ಈ ಪಾಪದಲ್ಲಿ ನಾನು ಪಾಲುದಾರ ಆಗಲ್ಲ.

ಟೀಚರು: ಯಾವುದು?

ಮೈಕ್‌ಸೆಟ್: ಈ ಕಪ್ಪು ಗುಂಡಿ. ಎಡಕ್ಕೆ ತಿರುಗಿಸ್ಬೇಕು. ತಡೀರಿ, ಸ್ವಲ್ಪ ಗಟ್ಟಿ ಇದೆ, ನಾನೇ ತಿರುಗಿಸ್ತೀನಿ.

ಗೋಪುರದವಳು ಮಾತಿನ ಮಧ್ಯೆಯೇ ಮೂಕಿಯಾದಳು. ಟೀಚರು ಮೈಕು ಹಿಡಿದು ಗಂಟಲು ಸರಿಮಾಡಿಕೊಂಡರು.

ಟೀಚರು: (ಮೈಕಿನಲ್ಲಿ, ನಿಘಂಟಿನ ಧ್ವನಿಯಲ್ಲಿ) ಆಕಾಶ ಏಳು, ಗೋಪುರ ಮಾತಾಡುತ್ತಿದೆ. ಬಲಕ್ಕೆ ತಿರುಗತಕ್ಕದ್ದು.

ಡಾಕ್ಟರು: ಬಲಕ್ಕೆ ತಿರುಗತಕ್ಕದ್ದು, ತಿಳಿಯಿತು. ಆಕಾಶ ಏಳು.

ಟೀಚರು ಕೈಯಲ್ಲಿದ್ದ ಮೈಕನ್ನು ಒಮ್ಮೆ ತಿರುಗಿಸಿ ನೋಡಿದರು. ಮದುವೆಯಾದಂದಿನಿಂದ ಅವರ ಒಂದು ವಾಕ್ಯವೂ ಈ ಮನುಷ್ಯನ ಬಳಿ ಹೋಗಿ ಕೈಕಾಲು ಮುರಿಯದೆ ವಾಪಸು ಬಂದಿರಲಿಲ್ಲ.

ಟೀಚರು: ಇನ್ನೂ ಸ್ವಲ್ಪ ಬಲಕ್ಕೆ.

ಡಾಕ್ಟರು: ಇನ್ನೂ ಸ್ವಲ್ಪ ಬಲಕ್ಕೆ, ತಿಳಿಯಿತು.

ಟೀಚರು: ಬೆನ್ನು ನೇರ ಮಾಡಿ ಕೂರತಕ್ಕದ್ದು.

ಡಾಕ್ಟರು: ಬೆನ್ನು... ಬೆನ್ನು ನೇರ ಮಾಡಿ ಕೂರತಕ್ಕದ್ದು, ತಿಳಿಯಿತು.

ಮೈಕ್‌ಸೆಟ್: (ಪಿಸುಗುಟ್ಟಲು ಹೋಗಿ) ಕೂತ ಅತ್ತಿಗೆ! ಕುರ್ಚಿ ಕಿರ್ ಅಂತು!

ಟೀಚರು: ಒದ್ದೆ ಟವೆಲನ್ನು ಮಂಚದ ಮೇಲೆ ಎಸೆಯತಕ್ಕದ್ದಲ್ಲ.

ಡಾಕ್ಟರು: ಒದ್ದೆ ಟವೆ... ಗೋಪುರ, ದಯವಿಟ್ಟು ಮತ್ತೊಮ್ಮೆ ಹೇಳಿ?

ಟೀಚರು: ಒದ್ದೆ. ಟವೆಲನ್ನು. ಮಂಚದ ಮೇಲೆ. ಎಸೆಯತಕ್ಕದ್ದಲ್ಲ. ಈ ಸೂಚನೆ ಎಲ್ಲಾ ವಿಮಾನಗಳಿಗೂ ಅನ್ವಯಿಸುತ್ತದೆ.

ಡಾಕ್ಟರು: ಒದ್ದೆ ಟವೆಲನ್ನು ಮಂಚದ ಮೇಲೆ ಎಸೆಯತಕ್ಕದ್ದಲ್ಲ, ತಿಳಿಯಿತು. ಆಕಾಶ ಏಳು. (ತಮ್ಮಲ್ಲೇ) ಹೊಸ ಅಪ್‌ಡೇಟ್ ಬಂದಿರ್ಬೇಕು.

ಮೈಕ್‌ಸೆಟ್ ವೈರಿನ ಸುರುಳಿಯನ್ನು ಬಾಯಿಗೆ ತುರುಕಿಕೊಂಡ. ಇಷ್ಟಾದ ಮೇಲೆ ಟೀಚರು ಕೋಣೆ ಖಾಲಿ ಮಾಡುವ ಆಜ್ಞೆಗೆ ಬರಬೇಕಿತ್ತು. ಅದಕ್ಕೆಂದೇ ಮೈಕು ಹಿಡಿದದ್ದು. ಆದರೆ ಬಾಯಿಗೆ ಬಂದದ್ದು ಬೇರೆಯೇ ಮಾತು, ಅದೂ ನಿಘಂಟಿನ ಧ್ವನಿಯಲ್ಲಲ್ಲ, ಅವರದೇ ಧ್ವನಿಯಲ್ಲಿ.

ಟೀಚರು: ಆಕಾಶ ಏಳು. ಹೋದ ಸೋಮವಾರ ನನ್ನನ್ನ ಸ್ಕೂಲಿಗೆ ಹೆಡ್‌ಮಿಸ್ ಮಾಡಿದ್ರು.

ಡಾಕ್ಟರು: ಹೋದ ಸೋಮವಾರ ನನ್ನನ್ನ ಸ್ಕೂಲಿಗೆ ಹೆಡ್‌ಮಿಸ್ ಮಾಡಿದ್ರು, ತಿಳಿ...

ಮಾತು ಅಲ್ಲಿಗೇ ನಿಂತಿತು. ನೆತ್ತಿಯ ಮೇಲಿನ ಸ್ಪೀಕರು, ಈ ಸಲ ತನ್ನ ಜಾಗದಿಂದಲೇ, ‘ಅಪಾಯ! ಅಪಾಯ! ಕೂಡಲೇ ಮೇಲೆತ್ತಿ!’ ಎಂದು ಅರಚಿಕೊಂಡಿತು. ಯಾರೂ ಎತ್ತಲಿಲ್ಲ. ಗುಡ್ಡ ಬಂದದ್ದು ಕುರ್ಚಿಯ ಕೆಳಗಿನ ಗುಡುಗಿನಿಂದ ಮನೆಗೆಲ್ಲ ಗೊತ್ತಾಯಿತು. ಬೀರುವಿನ ಬಾಗಿಲು ಮೆಲ್ಲಗೆ ತೆರೆಯಿತು.

ಡಾಕ್ಟರು: ನನಗೆ ಯಾಕೆ ಹೇಳ್ಲಿಲ್ಲ?

ಟೀಚರು: ಹೇಳ್ದೆ. ಇದೇ ಬಾಗಿಲಲ್ಲಿ ನಿಂತು. ಸ್ಕೂಲಿಂದ ಓಡೋಡಿ ಬಂದಿದ್ದೆ, ಚಪ್ಪಲಿ ಕೂಡ ಬಿಟ್ಟಿರ್ಲಿಲ್ಲ.

ಡಾಕ್ಟರು: ನಾನೇನಂದೆ?

ಮೈಕ್‌ಸೆಟ್: ಕೇಳ್ಬೇಡ ಕಣೋ.

ಟೀಚರು: ಹೂಂ ಅಂದ್ರಿ.

ಡಾಕ್ಟರು: ನಿನ್ನ ಧ್ವನಿ ಬಂದ ತಕ್ಷಣ ಅದು ತಾನಾಗಿ ಬಂದುಬಿಡತ್ತೆ ಕಣೇ. ನಾನಾಗಿ ಅನ್ನೋದಲ್ಲ.

ಟೀಚರು: ನಾಯೀನೂ ಬಾಲ ಅಲ್ಲಾಡಿಸುವಾಗ ಒಂದ್ಸಲ ಮುಖ ನೋಡತ್ತೆ ರೀ.

ಡಾಕ್ಟರಿಗೆ ನಾಚಿಕೆಯಾಯಿತು. ಪೈಲಟ್ಟಿನ ಟೋಪಿ ತೆಗೆದು ಮೊಣಕಾಲ ಮೇಲಿಟ್ಟುಕೊಂಡು ಕೂತರು. ಎಷ್ಟೋ ಸಾವಿರ ಹಲ್ಲು ಕಿತ್ತವರು, ಆದರೆ ಈ ನೋವಿಗೆ ಮರಗಟ್ಟಿಸುವ ಸೂಜಿ ಅವರ ಬಳಿ ಇರಲಿಲ್ಲ. ಕೊನೆಗೆ ತಲೆಯೆತ್ತಿದರು.

ಡಾಕ್ಟರು: ನನ್ನ ಹೆಂಡತಿ ಸ್ಕೂಲಿಗೆ ಹೆಡ್‌ಮಿಸ್ ಆಗಿದಾಳೆ. ತಿಳಿಯಿತು.

ಟೀಚರು: ಇನ್ನೊಂದ್ಸಲ.

ಡಾಕ್ಟರು: ನನ್ನ ಹೆಂಡತಿ ಸ್ಕೂಲಿಗೆ ಹೆಡ್‌ಮಿಸ್ ಆಗಿದಾಳೆ. ಹಿಂದಿನ ಕೋಣೆ ಸಂಜೆಯೊಳಗೆ ಖಾಲಿ ಮಾಡತಕ್ಕದ್ದು. ಅದೂ ತಿಳಿಯಿತು. ಲೋ, ಸ್ಕ್ರೂಡ್ರೈವರ್ ಕೊಡೋ.

ಮೈಕ್‌ಸೆಟ್: ಈಗ ತಾನೇ ಜೋಡಿಸಿದ್ದು! ಒಂದು ಫೋಟೋನೂ ತೆಗೆದಿಲ್ಲ!

ಟೀಚರು ಸೆರಗಿನಿಂದ ಮೂಗೊರೆಸಿಕೊಂಡರು. ‘ಚಹಾ ಆರಿಹೋಯ್ತು, ಬಿಸಿ ಮಾಡ್ತೀನಿ’ ಎಂದು ಅಡುಗೆಮನೆಗೆ ಹೊರಟರು. ಕೈಯಲ್ಲಿ ಮೈಕು ಹಾಗೆಯೇ ಇತ್ತು. ಡಾಕ್ಟರು ಬೀರುವಿನ ಬಾಗಿಲಿನ ಮೊದಲ ಸ್ಕ್ರೂ ಬಿಚ್ಚಿ ಅಂಗೈಯಲ್ಲಿಟ್ಟು ನೋಡಿದರು. ಮುಖ ಸಣ್ಣಗಾಗಿತ್ತು, ಆದರೆ ಎರಡನೆಯದಕ್ಕೂ ಕೈಹಾಕಿದರು. ಅಷ್ಟರಲ್ಲಿ ಗಂಟೆ ಬಾರಿಸಿತು.

ಅತ್ತೆ ಬಂದರು. ಟೀಚರ ತಾಯಿ ನೋಡಲು ಸಣ್ಣ ಆಳು, ಧ್ವನಿ ಮಾತ್ರ ಮಗಳಿಗಿಂತ ಒಂದು ಕೈ ಹೆಚ್ಚು. ಬಸ್ಸಿನ ಸೀಟನ್ನು ಬೈಯುತ್ತ, ಸೊಂಟ ಹಿಡಿದುಕೊಂಡು, ಬಾಗಿಲು ತೆರೆದ ಮೈಕ್‌ಸೆಟ್‌ನನ್ನು ತಮ್ಮ ಕೋಣೆ ಯಾವುದೆಂದು ಕೇಳಿ ನೆಟ್ಟಗೆ ಒಳಗೆ ನುಗ್ಗಿದರು. ಕೂರಲು ಕಂಡದ್ದು ಒಂದೇ ಕುರ್ಚಿ. ಕೂತರು. ಕಾಲಿಗೆ ಪೆಡಲ್ ಸಿಕ್ಕಿತು, ಕುರ್ಚಿ ಮೆಲ್ಲಗೆ ಹಿಂದಕ್ಕೆ ಮಲಗಿತು.

ಅತ್ತೆ: ಅಬ್ಬಾ! ಅಳಿಯಂದ್ರೆ, ಇದನ್ನ ನನಗೋಸ್ಕರ ತರಿಸಿದ್ರಾ?

ಡಾಕ್ಟರು: (ಸ್ಕ್ರೂಡ್ರೈವರ್ ಬೆನ್ನ ಹಿಂದೆ ಬಚ್ಚಿಟ್ಟು) ಹೂಂ... ಅಲ್ಲ, ಇದನ್ನ ಈಗ ಬಿಚ್ಚಿ ಹೊರಗೆ ಹಾಕ್ತಿದೀವಿ ಅತ್ತೆ.

ಅತ್ತೆ: ಯಾರು ಹಾಕೋದು? ಮುಟ್ಟಿ ನೋಡೋಣ! ಎಷ್ಟು ದಿನದ ಮೇಲೆ ನನ್ನ ಸೊಂಟ ನನ್ನ ಮಾತು ಕೇಳ್ತಿದೆ. ಇದೇನು ಎದುರಿಗೆ, ಮೋಡನಾ?

ಡಾಕ್ಟರು: (ಹಗುರಾಗಿ) ಮೋಡ ಅತ್ತೆ. ಮೇಲೆ ಹೋಗ್ಬೇಕಾ?

ಬೆನ್ನ ಹಿಂದಿನಿಂದ ಗಗನಸಖಿ ‘ಮಾನ್ಯ ಪ್ರಯಾಣಿಕರೇ, ತಮಗೆ ಹಾರ್ದಿಕ ಸ್ವಾಗತ’ ಎಂದಳು. ಬಸ್ಸಿನಲ್ಲಿ ದಾರಿಯುದ್ದಕ್ಕೂ ‘ಮುಂದೆ ಹೋಗಮ್ಮ’ ಅನ್ನಿಸಿಕೊಂಡು ಬಂದಿದ್ದ ಅತ್ತೆಗೆ ಇದು ಬಹಳ ಹಿಡಿಸಿತು. ವಿಮಾನ ಇಲ್ಲೇ ಇರಲಿ, ರಾತ್ರಿ ಇದರಲ್ಲೇ ಮಲಗುತ್ತೇನೆ, ಮಂಚ ಬೇಡ ಎಂದು ತೀರ್ಪು ಕೊಟ್ಟರು. ಮೈಕ್‌ಸೆಟ್ ಹುರುಪಿನಿಂದ ಅವರ ತಲೆಗೆ ಹೆಡ್‌ಫೋನ್ ಏರಿಸಿದ. ಡಾಕ್ಟರು ಬಿಚ್ಚಿದ್ದ ಸ್ಕ್ರೂವನ್ನು ಮತ್ತೆ ಅದರ ಜಾಗಕ್ಕೆ ತಿರುಗಿಸಿದರು, ಆದಷ್ಟು ಸದ್ದಾಗದಂತೆ.

ಅಡುಗೆಮನೆಯಲ್ಲಿದ್ದ ಟೀಚರಿಗೆ ಅಮ್ಮ ಬಂದದ್ದು ಧ್ವನಿಯಿಂದಲೇ ಗೊತ್ತಾಗಿತ್ತು, ಅಮ್ಮ ವಿಮಾನ ಏರಿದ್ದು ಮಾತ್ರ ಗೊತ್ತಿಲ್ಲ. ಅವರು ಬಿಸಿ ಚಹಾ ಸೋಸಿ, ಮಾತು ಯಾರ ಕಿವಿಗೆ ಹೋಗುತ್ತದೆಂದು ಯೋಚಿಸದೆ, ಹೊಸದಾಗಿ ರುಚಿ ಹತ್ತಿದ್ದ ಮೈಕನ್ನು ಬಾಯಿಯ ಹತ್ತಿರ ತಂದರು.

ಟೀಚರು: (ಮೈಕಿನಲ್ಲಿ) ಅಮ್ಮಾ, ಚಹಾ ಆಗಿದೆ. ಬಿಸಿ ಇರೋವಾಗ್ಲೇ ಬಂದು ಕುಡಿ.

ಅತ್ತೆ: (ಮೋಡದ ಮೇಲಿನ ಕಣ್ಣು ಕೀಳದೆ) ಹೂಂ.

ಡಾಕ್ಟರು ಬೆಚ್ಚಿಬಿದ್ದರು. ಸ್ಕ್ರೂಡ್ರೈವರ್ ಕೈಯಿಂದ ಜಾರಿತು.

ಡಾಕ್ಟರು: ಅತ್ತೆ, ಅತ್ತೆ! ಗೋಪುರಕ್ಕೆ ಹೂಂ ಅನ್ನೋ ಹಾಗಿಲ್ಲ. ಹೇಳಿದ್ದನ್ನ ಪೂರ್ತಿ ವಾಪಸ್ ಹೇಳ್ಬೇಕು.

ಅತ್ತೆ: ಗೋಪುರ ಎಲ್ಲಿ ಬಂತು ಅಳಿಯಂದ್ರೆ? ಕರೀತಿರೋದು ನನ್ನ ಮಗಳು.